ಕಾಲ್ಚೆಂಡಾಟದ ಮಾಸ್ತರರು: ಸೈಯದ್ ಅಬ್ದುಲ್ ರಹೀಂ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ನಮ್ಮ ಕವಿಗಳ, ಶರಣರ, ದಾಸರ, ಅರಸರ ಚರಿತ್ರೆಗಳು ಬರುವುದು ವಾಡಿಕೆ. ಅವರ ಪಂಕ್ತಿಯಲ್ಲಿ, ಕನ್ನಡಿಗರೂ ಅಲ್ಲದ ಕವಿಗಳೂ ಅಲ್ಲದ, ಕಾಲ್ಚೆಂಡನ್ನು ಆಡಿ, ಆಡಿಸಿ, ಅದರಲ್ಲಿಯೇ ಆಯುಷ್ಯವನ್ನು ಸವೆಸಿದ ಒಬ್ಬ ಶಾಲಾಮಾಸ್ತರರಿಗೆ ಎಡೆ ಹಾಕುವುದೇಕೆಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಾವು ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡಿಗರು. ನುಡಿ ಕೊಟ್ಟ ನಾಡು ಅದಾದರೆ ಅನ್ನ ಕೊಟ್ಟ ಊರು ಇದು. ಉಂಡ ಮನೆಯ ಹಿರಿಯರನ್ನು ನೆನೆಯದೆ ಹುಟ್ಟಿದ ಮನೆಯ ಹಬ್ಬವನ್ನು ಮಾಡಿದರೆ ಆ ಹಬ್ಬ ಅರ್ಧವೇ ಆದೀತು. ಅದಲ್ಲದೆ ೧೯೫೬ನೆಯ ಇಸವಿಯ ನವೆಂಬರ್ ೧ರ ಪರ್ಯಂತ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ನಮ್ಮ ಜನ ಹೈದರಾಬಾದು ರಾಜ್ಯಕ್ಕೇ ಸೇರಿದ್ದರು. ಆ ರಾಜ್ಯದ ಹೆಸರನ್ನು ಮುಂಬಯಿ, ದಿಲ್ಲಿಗಳ ಮೈದಾನಗಳಲ್ಲಿ ಎತ್ತಿ ಹಿಡಿದವರು ರಹೀಂ ಸಾಹೇಬರು. ಅವರ ಕೀರ್ತಿಯಲ್ಲಿ ನಮಗೂ ಒಂದು ಪಾಲುಂಟು.

ಸೈಯದ್ ಅಬ್ದುಲ್ ರಹೀಂ ಅವರು ೧೯೦೯ನೆಯ ಇಸವಿ ಆಗಸ್ಟ್ ೧೭ರಂದು ಹೈದರಾಬಾದಿನಲ್ಲಿ ಜನಿಸಿದರು. ನಿಜಾಮರ ಆಳಿಕೆಯ ಕಾಲವದು. ಪಕ್ಕದ ಸಿಕಂದರಾಬಾದಿನ ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳು ಬೀಡು ಬಿಟ್ಟಿದ್ದವು. ಸೋಲ್ಜರರು ಸಂಜೆಯ ಹೊತ್ತು ಬೂಟು ಕಟ್ಟಿ ಆಡುತ್ತಿದ್ದ ಆಟವನ್ನು ಸುತ್ತಲಿನ ಹುಡುಗರು ಬೇಲಿಯಾಚೆ ನಿಂತು ನೋಡಿ, ಬರಿಗಾಲಲ್ಲಿ ಆಡಿ ಕಲಿತರು. ಬೆಂಗಳೂರಿನ ದಂಡಿನಲ್ಲಿ ನಡೆದದ್ದೂ ಇದೇ. ದಕ್ಷಿಣದಲ್ಲಿ ಕಾಲ್ಚೆಂಡಾಟ ಬೇರೂರಿದ ಬಗೆ ಇದು.

ರಹೀಂ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅದರ ತಂಡದಲ್ಲಿ ಆಡಿ ಹೆಸರು ಮಾಡಿದರು. ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಕೂಡಿ ಕಟ್ಟಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿಯೂ, ಆಮೇಲೆ ಊರಿನ ಹೆಸರಾಂತ ಕಮರ್ ಕ್ಲಬ್ಬಿನಲ್ಲಿಯೂ ಅವರು ಆಡಿದರು. ಆದರೆ ಆಟದಿಂದ ಹೊಟ್ಟೆ ತುಂಬುವ ಕಾಲ ಅದಾಗಿರಲಿಲ್ಲ. ಪದವಿ ಪಡೆದ ಮೇಲೆ ಅವರು ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಕಾಚಿಗುಡಾದ ಮಾಧ್ಯಮಿಕ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರಘಾಟದ ಪ್ರೌಢಶಾಲೆ, ಹೀಗೆ ಒಂದರಿಂದ ಒಂದಕ್ಕೆ ವರ್ಗವಾಗುತ್ತ ಮಕ್ಕಳಿಗೆ ಪಾಠ ಹೇಳಿದರು. ವ್ಯಾಯಾಮ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಶಾಲೆಯ ಆಟಪಾಟಗಳ ಭಾರವನ್ನೂ ಹೊತ್ತರು. ಕಾಚಿಗುಡಾ, ಚಾದರಘಾಟಗಳು ಹೈದರಾಬಾದಿನ ಕನ್ನಡಿಗರಿಗೆ ಚಿರಪರಿಚಿತ. ನಾವು ದಿನವೂ ತರಕಾರಿ ಚೀಲ ಹಿಡಿದು ಓಡಾಡುವ ಬೀದಿಗಳಲ್ಲಿಯೇ ಒಂದು ಕಾಲಕ್ಕೆ ಭಾರತದ ಕಾಲ್ಚೆಂಡಾಟದ ಭವಿಷ್ಯ ಸೈಕಲ್ಲು ತುಳಿಯುತ್ತ ಶಾಲೆಗೆ ಹೋಗುತ್ತಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ರಹೀಂ ಅವರನ್ನು ಬಲ್ಲವರೆಲ್ಲ ಅವರನ್ನು ಮೊದಲು ಮಾಸ್ತರರೆಂದೂ ಆಮೇಲೆ ಆಟಗಾರರೆಂದೂ ಎಣಿಸುತ್ತಿದ್ದುದು ಸಹಜವೇ. ಶಾಲೆಯ ಮಾಸ್ತರನಿಗೆ ಒಂದು ಗುಣ ಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಅವನು ಬೇಗ ಕಂಡುಕೊಳ್ಳಬೇಕು. ಬಂದದ್ದನ್ನು ಬೆಳೆಸಬೇಕು, ಬಾರದ್ದನ್ನು ಬಯ್ಯದೆ ಕಲಿಸಬೇಕು. ರಹೀಂ ಅವರು ಈ ಗುಣವನ್ನು ತರಗತಿಯಿಂದ ಮೈದಾನಕ್ಕೆ ಒಯ್ದರು. ಅವರ ಚರಿತ್ರೆಯ ಸಾರವೆಲ್ಲ ಇಷ್ಟರಲ್ಲಿಯೇ ಇದೆ.

೧೯೪೦ರ ದಶಕದ ಮೊದಲಿನಲ್ಲಿ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಕೊನೆಯ ಉಸಿರಿನ ತನಕ, ಸುಮಾರು ಇಪ್ಪತ್ತು ವರ್ಷ, ಆ ಹೊಣೆ ಅವರದೇ ಆಗಿತ್ತು. ಸಂಘ ಸಂಸ್ಥೆಗಳ ಕಾರ್ಯದರ್ಶಿಯೆಂದರೆ ಏನೆಂಬುದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿ ಹೊಂದಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲವೂ ಅವನ ತಲೆಗೇ. ರಹೀಂ ಅವರು ಅಷ್ಟಕ್ಕೆ ನಿಲ್ಲದೆ ಸಂಘವನ್ನೇ ಒಂದು ಪಾಠಶಾಲೆಯಾಗಿ ಮಾಡಿದರು. ಅವರು ನಡೆಸಿದ ಪಂದ್ಯಾವಳಿಗಳಲ್ಲಿ ಕೆಲವು ವಿಚಿತ್ರವಾಗಿದ್ದವು. ಒಂದರಲ್ಲಿ ಆಟಗಾರರು ತಮಗೆ ರೂಢಿಯಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕು. ಬಲಗಾಲಿನವನು ಎಡಗಾಲಿನಲ್ಲಿ ಆಡಬೇಕು, ಎಡಗಾಲಿನವನು ಬಲಗಾಲಿನಲ್ಲಿ. ಇನ್ನೊಂದರಲ್ಲಿ ಡ್ರಿಬ್ಲಿಂಗ್ ಕೂಡದು. ಚೆಂಡನ್ನು ಕಾಲಿಗೆ ಕಟ್ಟಿಕೊಂಡಂತೆ ಒಬ್ಬನೇ ಒಯ್ಯುತ್ತ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕುಣಿಸಿ ದಾಟುವುದಕ್ಕೆ ಈ ಹೆಸರು. ಅಂದಿನ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿದ್ದುದೇ ಅದಕ್ಕೆ. ರಹೀಂ ಅವರು ಅದನ್ನೇ ನಿಷೇಧಿಸಿದರು. ಚೆಂಡು ಬಂದ ಕೂಡಲೆ ಒಂದೇ ಸ್ಪರ್ಶಕ್ಕೆ ಜೊತೆಗಾರನಿಗೆ ದಾಟಿಸಿ, ತಾನು ಬರಿದಾದ ಜಾಗಕ್ಕೆ ಓಡಬೇಕು.

ಈ ನಿಯಮಗಳ ಹಿಂದಿನ ವಿಚಾರ ಸರಳ. ಮನುಷ್ಯ ಎಷ್ಟೇ ಬೇಗ ಓಡಿದರೂ ಚೆಂಡು ಅವನಿಗಿಂತ ಬೇಗ ಓಡುತ್ತದೆ. ಆದಕಾರಣ ಓಡಿಸಬೇಕಾದದ್ದು ಚೆಂಡನ್ನು. ಎರಡು ಕಾಲೂ ಬಲ್ಲವನಿಗೆ ಚೆಂಡು ಯಾವ ಬದಿಗೆ ಬಂದರೂ ಅಡ್ಡಿಯಿಲ್ಲ. ಒಂದೇ ಕಾಲು ಬಲ್ಲವನು ತಿರುಗಿಕೊಳ್ಳುವಷ್ಟರಲ್ಲಿ ಎದುರಾಳಿ ಬಂದು ನಿಂತಿರುತ್ತಾನೆ. ನಮ್ಮ ಹುಡುಗರು ಯೂರೋಪಿನವರಷ್ಟು ಎತ್ತರವಾಗಲಿ ದಪ್ಪವಾಗಲಿ ಇರಲಿಲ್ಲ. ಮೈಗೆ ಮೈ ತಾಗಿಸುವ ಆಟದಲ್ಲಿ ಸೋಲು ಖಂಡಿತ. ಚೆಂಡು ಕ್ಷಣಕ್ಕೊಬ್ಬನ ಕಾಲಿಗೆ ಹೋಗುತ್ತಿದ್ದರೆ ತಾಗಿಸುವುದಾದರೂ ಯಾರಿಗೆ?

೧೯೫೦ರಲ್ಲಿ ಅವರು ಹೈದರಾಬಾದು ನಗರ ಪೋಲೀಸು ತಂಡದ ತರಬೇತಿಯನ್ನು ವಹಿಸಿಕೊಂಡರು. ಆಗಿನ ಕಾಲದಲ್ಲಿ ಕ್ಲಬ್ಬಿನ ತರಬೇತುದಾರನೆಂದರೆ ಮೇನೇಜರನೂ ಅವನೇ, ಹಿರಿಯಣ್ಣನೂ ಅವನೇ. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು ಎಂದು ನಿಶ್ಚಯಿಸುವವನೂ ಅವನೇ. ಆ ಕಾಲದ ಭಾರತದಲ್ಲಿ ಕಾಲ್ಚೆಂಡಾಟದ ರಾಜಧಾನಿ ಕಲಕತ್ತೆ. ಮೋಹನ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಹೆಸರುಗಳೆದುರು ದಕ್ಷಿಣದ ಪೋಲೀಸರ ತಂಡವನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು?

ಮುಂಬಯಿಯ ರೋವರ್ಸ್ ಕಪ್ಪು ದೇಶದ ಅತಿ ಹಳೆಯ ಪಂದ್ಯಾವಳಿಗಳಲ್ಲಿ ಒಂದು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡವೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ೧೯೩೭ರಲ್ಲಿ ಅವರು ಬ್ರಿಟಿಷ್ ಪಲ್ಟಣಗಳ ಕೈಯಿಂದ ಆ ಕಪ್ಪನ್ನು ಕಸಿದು, ಮರುವರ್ಷವೂ ಉಳಿಸಿಕೊಂಡರು. ಅದೇ ಕಪ್ಪನ್ನು ರಹೀಂ ಅವರ ಹೈದರಾಬಾದು ಪೋಲೀಸರು ೧೯೫೦ರಿಂದ ೧೯೫೪ರವರೆಗೆ ಒಂದೂ ವರ್ಷ ಬಿಡದೆ ಐದು ಸಲ ಗೆದ್ದರು. ಒಂದು ಸಲ ಗೆದ್ದರೆ ಅದೃಷ್ಟವೆನ್ನಬಹುದು, ಎರಡು ಸಲವಾದರೆ ಹುಮ್ಮಸ್ಸು ಎನ್ನಬಹುದು. ಐದು ಸಲವೆಂದರೆ ಅದು ವಿದ್ಯೆ. ದಿಲ್ಲಿಯ ಡ್ಯುರಾಂಡ್ ಕಪ್ಪಿನಲ್ಲಿಯೂ ಹಾಗೆಯೇ ಆಯಿತು. ೧೯೫೦ರ ಅಂತಿಮ ಪಂದ್ಯ ಮೋಹನ ಬಾಗಾನಿನ ಮೇಲೆ ಸಮಸಮವಾಗಿ, ಮರುಪಂದ್ಯದಲ್ಲಿ ಪೋಲೀಸರು ಗೆದ್ದರು. ೧೯೫೪ರ ಅಂತಿಮ ಪಂದ್ಯದಲ್ಲಿ ಅವರೆದುರು ನಿಂತವರು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು. ಗೆಲುವು ಹೈದರಾಬಾದಿಗಾಯಿತು. ೧೯೫೭ರಲ್ಲಿ ಈಸ್ಟ್ ಬೆಂಗಾಲ್ ತಂಡವೂ ಇವರಿಗೆ ಮಣಿಯಿತು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಹೈದರಾಬಾದು ೧೯೫೬ರಲ್ಲಿಯೂ ೧೯೫೭ರಲ್ಲಿಯೂ ಪಡೆಯಿತು. ನೂರ್ ಮೊಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್, ಯೂಸುಫ್ ಖಾನ್ ಮೊದಲಾದವರು ಈ ಊರಿನಿಂದ ಎದ್ದು ಭಾರತದ ತಂಡದಲ್ಲಿ ನಿಂತರು.

ಇಲ್ಲಿ ನಾವು ಇಬ್ಬರನ್ನು ವಿಶೇಷವಾಗಿ ಹೆಸರಿಸಬೇಕು. ಏಕೆಂದರೆ ಅವರೂ ನಮ್ಮ ಹಾಗೆ ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳು. ತುಳಸೀದಾಸ್ ಬಲರಾಮ್ ೧೯೩೬ರಲ್ಲಿ ಸಿಕಂದರಾಬಾದಿನ ಬಳಿಯ ಅಮ್ಮುಗುಡಾ ಎಂಬ ಹಳ್ಳಿಯ ಬಡ ತಮಿಳು ಮನೆಯಲ್ಲಿ ಹುಟ್ಟಿದ ಹುಡುಗ. ಅವನ ಕಾಲಿನ ಚಳಕವನ್ನು ಕಂಡ ರಹೀಂ ಅವರು ಹೈದರಾಬಾದಿಗೆ ಬಂದು ಅಭ್ಯಾಸ ಮಾಡೆಂದು ಕರೆದರು. ಅಷ್ಟು ದೂರ ದಿನವೂ ಬಂದು ಹೋಗಲು ಹುಡುಗನ ಕೈಯಲ್ಲಿ ಕಾಸಿಲ್ಲ. ರಹೀಂ ಅವರು ಬಾಡಿಗೆ ಸೈಕಲ್ಲಿಗೆ ತಾವೇ ಹಣ ಕೊಟ್ಟರು. ಆ ಬಾಡಿಗೆ ಸೈಕಲ್ಲು ತುಳಿದವನು ಮೆಲ್ಬರ್ನ್, ರೋಮ್, ಜಕಾರ್ತಗಳ ತನಕ ಹೋದ. ಇನ್ನೊಬ್ಬರು ಪೀಟರ್ ತಂಗರಾಜ್. ಹೈದರಾಬಾದಿನಲ್ಲಿಯೇ ಹುಟ್ಟಿ ಸಿಕಂದರಾಬಾದಿನ ಕ್ಲಬ್ಬುಗಳಲ್ಲಿ ಆಡಿ, ಮದರಾಸು ರೆಜಿಮೆಂಟು ಸೇರಿ, ಮೊದಲು ಮುಂಚೂಣಿಯಲ್ಲಿ ಆಡುತ್ತಿದ್ದವರು ಆಮೇಲೆ ಗೋಲು ಕಾಯುವವರಾಗಿ ಏಷ್ಯಾ ಖಂಡಕ್ಕೇ ಹೆಸರಾದರು. ಪರಸ್ಥಳದಲ್ಲಿ ಬೆಳೆಯುವ ಮಕ್ಕಳು ಎರಡು ಕಡೆಗೂ ಸಲ್ಲದವರಾದಾರೆಂದು ನಮ್ಮಲ್ಲಿ ಅನೇಕ ತಂದೆತಾಯಿಗಳು ಅಂಜುವುದುಂಟು. ಈ ಇಬ್ಬರು ಎಲ್ಲೆಡೆಗೂ ಸಂದರು. ಸಲ್ಲುವಂತೆ ಮಾಡುವ ಹಿರಿಯರು ಊರಿನಲ್ಲಿದ್ದರು, ಅಷ್ಟೆ.

ಭಾರತ ತಂಡದ ಹೊಣೆಯೂ ರಹೀಂ ಅವರ ಹೆಗಲಿಗೆ ಬಂತು. ೧೯೫೧ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ಶೈಲೇನ್ ಮನ್ನಾ ಅವರ ನಾಯಕತ್ವದ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು ಮೇವಾಲಾಲರ ಒಂದೇ ಗೋಲಿನಿಂದ ಸೋಲಿಸಿ ಸುವರ್ಣ ಪದಕವನ್ನು ಗೆದ್ದಿತು. ಸ್ವತಂತ್ರ ಭಾರತಕ್ಕೆ ಆಗ ನಾಲ್ಕು ವರ್ಷ ತುಂಬಿರಲಿಲ್ಲ. ಆ ಗೆಲುವಿನ ಸಂತೋಷ ಹೇಳತೀರದು.

ಆದರೆ ಮರುವರ್ಷವೇ ಕಹಿಯನ್ನೂ ಉಣ್ಣಬೇಕಾಯಿತು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ನಮ್ಮವರ ಮೇಲೆ ಹತ್ತು ಗೋಲುಗಳನ್ನು ಹೊಡೆಯಿತು. ನಮ್ಮದು ಒಂದೇ. ಆ ಒಂದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್ ಎಂಬುದಷ್ಟೇ ನಮಗೆ ಸಮಾಧಾನ. ಫಿನ್ಲೆಂಡಿನ ಚಳಿ, ಹಸಿ ನೆಲ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎದುರಿನವರು ಆ ಸಲದ ರಜತ ಪದಕ ಗೆದ್ದ ಬಲಿಷ್ಠರು. ಇಂಥ ಸೋಲಿನ ಮೇಲೆ ಎರಡು ದಾರಿ ಇರುತ್ತವೆ. ಹವೆಯನ್ನೋ ಹಣೆಬರಹವನ್ನೋ ದೂರಿ ಕೈತೊಳೆಯುವುದು ಒಂದು. ಏನು ತಪ್ಪಿತೆಂದು ಕುಳಿತು ಲೆಕ್ಕ ಹಾಕುವುದು ಇನ್ನೊಂದು. ಆ ಸೋಲಿನ ತರುವಾಯ ಭಾರತದ ಆಟಗಾರರು ಬೂಟು ಹಾಕಿಯೇ ಆಡತಕ್ಕದ್ದೆಂಬ ಕಟ್ಟಳೆ ಬಂತು. ರಹೀಂ ಅವರು ಬೂಟಿನ ಜೊತೆಗೆ ಆಟದ ವ್ಯೂಹವನ್ನೂ ಬದಲಿಸಲು ತೊಡಗಿದರು.

ಆ ಹೊತ್ತಿಗೆ ಹಂಗೇರಿಯ ತಂಡ ಯೂರೋಪಿನಲ್ಲಿ ಅದ್ಭುತಗಳನ್ನು ಮಾಡುತ್ತಿತ್ತು. ಅದರ ನಡುವಿನ ಮುಂಚೂಣಿಗ ಗೋಲಿನ ಮುಂದೆ ಕಾದು ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದ. ಅವನನ್ನು ಕಾಯಬೇಕಾದ ರಕ್ಷಕ ಅವನ ಬೆನ್ನು ಹತ್ತಿ ಬಂದರೆ ಹಿಂದೆ ಬಾಗಿಲು ತೆರೆದಂತೆ. ಬಾರದಿದ್ದರೆ ಆ ಮುಂಚೂಣಿಗನಿಗೆ ಅಡ್ಡಿಯೇ ಇಲ್ಲ. ರಹೀಂ ಅವರು ಈ ಉಪಾಯವನ್ನು ಅಭ್ಯಾಸ ಮಾಡಿ ನಮ್ಮ ತಂಡಕ್ಕೆ ಒಗ್ಗಿಸಿದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ನಿಲ್ಲುವ ಕ್ರಮವನ್ನು ೧೯೫೮ರಲ್ಲಿ ಬ್ರೆಜಿಲ್ ವಿಶ್ವಕಪ್ಪು ಗೆದ್ದು ಜಗತ್ತಿಗೆಲ್ಲ ತೋರಿಸಿಕೊಟ್ಟಿತಷ್ಟೆ; ಆ ದಾರಿಯನ್ನು ರಹೀಂ ಅವರು ಅದಕ್ಕೆ ಮುಂಚೆಯೇ ನಮ್ಮಲ್ಲಿ ತುಳಿಯತೊಡಗಿದ್ದರು.

ಅದರ ಫಲ ೧೯೫೬ರಲ್ಲಿ ಕೈಗೆ ಬಂತು. ಕನ್ನಡಿಗರ ಪಾಲಿಗೆ ಮರೆಯಲಾಗದ ವರ್ಷವದು. ನವೆಂಬರ್ ೧ರಂದು ಹಂಚಿಹೋಗಿದ್ದ ನಮ್ಮ ಸೀಮೆಗಳು ಒಂದಾದವು, ಹೈದರಾಬಾದು ರಾಜ್ಯವೆಂಬುದು ಇಲ್ಲವಾಯಿತು. ಅದಾದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ ೧ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಹೈದರಾಬಾದಿನ ಮಾಸ್ತರರು ತಿದ್ದಿ ತೀಡಿದ ಭಾರತ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲಿಯೇ ೪-೨ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಸಮರ್ ಬ್ಯಾನರ್ಜಿ ನಾಯಕರಾಗಿದ್ದ ಆ ಸಲದ ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರೂ ಇದ್ದರು. ಉಪಾಂತ್ಯ ಪಂದ್ಯದಲ್ಲಿ ಎದುರಾದದ್ದು ಮತ್ತೆ ಅದೇ ಯುಗೋಸ್ಲಾವಿಯಾ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದವರ ಮೇಲೆ ಈ ಸಲ ಮೊದಲ ಗೋಲನ್ನು ಹೊಡೆದದ್ದು ಭಾರತ! ಕೊನೆಗೆ ೪-೧ರಿಂದ ಸೋಲಾಯಿತೆಂಬುದು ದಿಟ. ಕಂಚಿನ ಪದಕದ ಪಂದ್ಯದಲ್ಲಿಯೂ ಬಲ್ಗೇರಿಯಾ ಮೂರು ಗೋಲುಗಳಿಂದ ಗೆದ್ದಿತು. ಆದರೂ ನಾಲ್ಕನೆಯ ಸ್ಥಾನ ನಮ್ಮದಾಯಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಅದಕ್ಕಿಂತ ಮುಂದೆ ಭಾರತ ಇಂದಿನವರೆಗೂ ಹೋಗಿಲ್ಲ.

೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿ ೨-೧ರಿಂದಷ್ಟೇ ಗೆಲ್ಲಲು ಸಾಧ್ಯವಾಯಿತು. ಆ ಒಂದು ಗೋಲು ನಮ್ಮ ಬಲರಾಮರದು. ಫ್ರಾನ್ಸಿನ ಮೇಲೆ ನಾಯಕ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದು, ಪಂದ್ಯ ೧-೧ರ ಸಮಸಮದಲ್ಲಿ ಮುಗಿಯಿತು. ಪೆರುವಿನ ಎದುರು ೩-೧ರ ಸೋಲಾದ್ದರಿಂದ ಮುಂದಿನ ಸುತ್ತು ತಪ್ಪಿತು. ಈ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಅವರೂ ಆಯ್ಕೆಯಾಗಿದ್ದರು. ಆದರೆ ರೋಮಿನಲ್ಲಿ ಒಂದು ಪಂದ್ಯದಲ್ಲಿಯೂ ಅವರು ಆಡಲಿಲ್ಲ. ತಂದೆಯೇ ತರಬೇತುದಾರನಾಗಿದ್ದರೂ ಮಗ ಬದಿಗೆ ಕುಳಿತೇ ಪಂದ್ಯ ನೋಡಿದ. ಇದರ ಮೇಲೆ ನಾವು ಟೀಕೆ ಬರೆಯಬೇಕಾದ್ದಿಲ್ಲ.

ಈಗ ಜಕಾರ್ತದ ಮಾತಿಗೆ ಬರೋಣ. ೧೯೬೨ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ರಹೀಂ ಅವರ ದೇಹವನ್ನು ಶ್ವಾಸಕೋಶದ ಕ್ಯಾನ್ಸರು ಹಿಡಿದಿತ್ತು. ಐವತ್ತಮೂರರ ವಯಸ್ಸು. ಮಲಗಿ ಆರೈಕೆ ಮಾಡಿಸಿಕೊಳ್ಳಬೇಕಾಗಿದ್ದ ಮನುಷ್ಯ ತಂಡವನ್ನು ಕಟ್ಟಿಕೊಂಡು ಹಡಗು ವಿಮಾನಗಳ ದೂರಕ್ಕೆ ಹೊರಟರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ೨-೦ಯಿಂದ ಸೋಲಿಸಿತು. ತರುವಾಯ ಥಾಯ್ಲೆಂಡನ್ನು ೪-೧ರಿಂದಲೂ ಜಪಾನನ್ನು ೨-೦ಯಿಂದಲೂ ಗೆದ್ದು ಚೇತರಿಸಿಕೊಂಡದ್ದಾಯಿತು. ಆದರೆ ಗೆಲುವಿಗೆ ಬೆಲೆ ತೆರಬೇಕಾಯಿತು. ರಕ್ಷಣೆಯ ಹೆಬ್ಬಂಡೆಯಂತಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ತ್ರಿಲೋಕ್ ಸಿಂಗರಿಗೆ ಕಾಲ್ಬೆರಳಿನ ನೋವು. ತಂಗರಾಜರಿಗೆ ಫ್ಲೂ ಜ್ವರ.

ಹೊರಗಿನ ವಾತಾವರಣವೂ ಅನುಕೂಲವಾಗಿರಲಿಲ್ಲ. ಆತಿಥೇಯ ಇಂಡೋನೇಷ್ಯಾ ಸರಕಾರ ಇಸ್ರೇಲ್ ಮತ್ತು ತೈವಾನ್ ದೇಶಗಳ ಆಟಗಾರರಿಗೆ ಪ್ರವೇಶ ಕೊಡಲಿಲ್ಲ. ಏಷ್ಯನ್ ಕ್ರೀಡಾಕೂಟದ ಸ್ಥಾಪಕರಲ್ಲೊಬ್ಬರಾದ ಭಾರತದ ಜಿ. ಡಿ. ಸೋಂಧಿಯವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅಲ್ಲಿನ ಜನ ಸಿಟ್ಟಿಗೆದ್ದರು. ಭಾರತದ ಆಟಗಾರರು ಮೈದಾನಕ್ಕೆ ಇಳಿದರೆ ಸಾಕು, ಕೂಗಾಟ, ಧಿಕ್ಕಾರ. ರಾಜಕೀಯದ ಗಂಧವಿಲ್ಲದ ಹುಡುಗರು ರಾಜಕೀಯದ ಬಿಸಿಯನ್ನು ಮೈಮೇಲೆ ತಾಳಬೇಕಾಯಿತು.

ಗಾಯಾಳುಗಳು, ಜ್ವರದವರು, ಊರೆಲ್ಲ ಎದುರು. ಇಂಥ ಸಮಯದಲ್ಲಿ ಮಾಸ್ತರನ ಗುಣ ಕೆಲಸಕ್ಕೆ ಬಂತು. ತಲೆಗೆ ಹೊಲಿಗೆ ಬಿದ್ದವನನ್ನು ರಕ್ಷಣೆಯಲ್ಲಿ ನಿಲ್ಲಿಸಿದರೆ ಗಳಿಗೆಗೊಮ್ಮೆ ತಲೆಯಿಂದಲೇ ಚೆಂಡನ್ನು ತಡೆಯಬೇಕಾಗುತ್ತದೆ. ಹಾಗೆಂದು ಅಂಥ ಗಟ್ಟಿಗನನ್ನು ಕೈಬಿಡುವುದು ಹೇಗೆ? ಜರ್ನೈಲರು ಎಳೆಯ ವಯಸ್ಸಿನಲ್ಲಿ ಮುಂಚೂಣಿಯಲ್ಲಿ ಆಡಿದ್ದವರೆಂಬುದನ್ನು ನೆನೆದು ರಹೀಂ ಅವರು ಅವರನ್ನು ನಡುಮುಂಚೂಣಿಗೆ ಕಳುಹಿಸಿದರು. ದಕ್ಷಿಣ ವಿಯೆಟ್ನಾಮಿನ ಮೇಲಣ ಉಪಾಂತ್ಯ ಪಂದ್ಯವನ್ನು ಭಾರತ ೩-೨ರಿಂದ ಗೆದ್ದಿತು. ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದಿದ್ದರು.

ಸೆಪ್ಟೆಂಬರ್ ೪ರಂದು ಅಂತಿಮ ಪಂದ್ಯ. ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಅದರ ಹಿಂದಿನ ರಾತ್ರಿ ನಿದ್ದೆ ಬಾರದ ಆಟಗಾರರನ್ನು ರಹೀಂ ಅವರು ಹೊರಗೆ ಅಡ್ಡಾಡಲು ಕರೆದೊಯ್ದರೆಂದೂ, ನಾಳೆ ನನಗೊಂದು ಉಡುಗೊರೆ ಬೇಕು, ಆ ಚಿನ್ನದ ಪದಕವನ್ನೇ ಕೊಡಿರೆಂದು ಕೇಳಿದರೆಂದೂ ಆ ತಂಡದವರು ಬಹುಕಾಲ ಹೇಳುತ್ತಿದ್ದರು. ವರ್ಷಗಟ್ಟಲೆ ಕೊಡುತ್ತಲೇ ಬಂದ ಗುರು ಅಂದು ಶಿಷ್ಯರನ್ನು ಬೇಡಿದ್ದ.

ಸೆನಾಯಾನ್ ಕ್ರೀಡಾಂಗಣದಲ್ಲಿ ಒಂದು ಲಕ್ಷದಷ್ಟು ಜನ. ಆ ಜನಸಮುದ್ರದಲ್ಲಿ ಭಾರತದ ಪರವಾಗಿ ಕೂಗುವವರು ಬೆರಳೆಣಿಕೆಯಷ್ಟು. ಅವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರೆಂಬುದನ್ನು ನಮ್ಮ ಆಟಗಾರರು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಜ್ವರದಿಂದೆದ್ದ ತಂಗರಾಜರನ್ನು ರಹೀಂ ಅವರು ಗೋಲಿಗೆ ನಿಲ್ಲಿಸಿದರು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಸಿಂಗರು ಎರಡನೆಯದನ್ನು ಹೊಡೆದರು. ಪಂದ್ಯ ಮುಗಿಯಲು ಐದು ನಿಮಿಷವಿದೆಯೆನ್ನುವಾಗ ಕೊರಿಯಾ ಒಂದು ಗೋಲನ್ನು ತೀರಿಸಿತು. ಉಳಿದ ನಿಮಿಷಗಳನ್ನು ಹಲ್ಲು ಕಚ್ಚಿ ಕಳೆದರು. ೨-೧. ಸುವರ್ಣ ಪದಕ ಭಾರತದ್ದಾಯಿತು.

ಅಂದು ಕಣಕ್ಕಿಳಿದ ಹನ್ನೊಂದು ಮಂದಿಯನ್ನು ಒಮ್ಮೆ ನೋಡಬೇಕು. ಬಂಗಾಲದ ಚುನಿ, ಅರುಣ್ ಘೋಷ್, ಪ್ರಶಾಂತ ಸಿನ್ಹಾ, ಪಂಜಾಬಿನ ಜರ್ನೈಲ್, ಕೇರಳದ ಚಂದ್ರಶೇಖರನ್, ಡೆಹ್ರಾಡೂನಿನ ರಾಮ್ ಬಹಾದ್ದೂರ್, ನಮ್ಮ ಹೈದರಾಬಾದು ಸಿಕಂದರಾಬಾದುಗಳ ಯೂಸುಫ್ ಖಾನ್, ಬಲರಾಮ್, ತಂಗರಾಜ್, ಇವರ ಜೊತೆಗೆ ಪಿ. ಕೆ. ಮತ್ತು ತ್ರಿಲೋಕ್. ಮಾತು ಬೇರೆ, ಮತ ಬೇರೆ, ಊಟ ಬೇರೆ. ಪರಸ್ಪರರ ಮನೆಮಾತು ತಿಳಿಯದವರ ನಡುವೆ ಚೆಂಡು ಮಾತ್ರ ತಡೆಯಿಲ್ಲದೆ ಕಾಲಿಂದ ಕಾಲಿಗೆ ಹರಿಯಿತು. ತನ್ನಲ್ಲಿಯೇ ಇಟ್ಟುಕೊಳ್ಳದೆ ದಾಟಿಸು ಎಂಬ ಒಂದೇ ಪಾಠವನ್ನು ಎಲ್ಲರೂ ಒಬ್ಬರಿಂದಲೇ ಕಲಿತಿದ್ದರು.

ರಹೀಂ ಅವರು ಆ ಪದಕದ ಸಂತೋಷವನ್ನು ಬಹುಕಾಲ ಅನುಭವಿಸಲಿಲ್ಲ. ೧೯೬೩ನೆಯ ಇಸವಿ ಜೂನ್ ೧೧ರಂದು ಅವರು ಕಾಲವಶರಾದರು. ಜಕಾರ್ತದ ಗೆಲುವಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಸರಕಾರದ ಪದ್ಮ ಪ್ರಶಸ್ತಿಗಳಲ್ಲಿ ಅವರ ಹೆಸರು ಬರಲಿಲ್ಲ. ಅವರನ್ನು ಕುರಿತು ಮೈದಾನ್ ಎಂಬ ಹಿಂದೀ ಚಲನಚಿತ್ರ ತೆರೆಗೆ ಬಂದದ್ದು ೨೦೨೪ರಲ್ಲಿ, ಅವರು ತೀರಿಕೊಂಡು ಅರುವತ್ತು ವರ್ಷಗಳು ಕಳೆದ ಮೇಲೆ. ಅದನ್ನು ನೋಡಿ ನಮ್ಮ ಮಕ್ಕಳು, ಇವರು ನಮ್ಮ ಊರಿನವರೇ ಎಂದು ಬೆರಗಾದರು.

ಅವರ ತರುವಾಯ ಆದದ್ದನ್ನೂ ಹೇಳಬೇಕು. ೧೯೬೪ರ ಏಷ್ಯಾ ಕಪ್ಪಿನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. ೧೯೭೦ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ 
ಬಂದಾಗ ತರಬೇತುದಾರರಲ್ಲೊಬ್ಬರು ರಹೀಂ ಅವರ ಶಿಷ್ಯ ಪಿ. ಕೆ. ಬ್ಯಾನರ್ಜಿ. ಗುರು ನೆಟ್ಟ ಗಿಡದ ಹಣ್ಣುಗಳು ಅವು. ಆಮೇಲೆ ಗಿಡ ಒಣಗತೊಡಗಿತು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದ ಚಿನ್ನ ಜಕಾರ್ತದ ಬಳಿಕ ಮತ್ತೆ ಭಾರತಕ್ಕೆ ಬಂದಿಲ್ಲ. ರೋಮಿನ ಬಳಿಕ ನಮ್ಮ ತಂಡ ಒಲಿಂಪಿಕ್ಸಿನಲ್ಲಿ ಆಡಿಲ್ಲ. ಹೈದರಾಬಾದಿನ ಆ ವೈಭವವೂ ಮಂಕಾಯಿತು. ಎಡಗಾಲಿನ ಪಂದ್ಯಾವಳಿಗಳನ್ನು ನಡೆಸುವ, ಬಾಡಿಗೆ ಸೈಕಲ್ಲಿಗೆ ಜೇಬಿನಿಂದ ಕಾಸು ಕೊಡುವ ಕಾರ್ಯದರ್ಶಿ ಇನ್ನೊಬ್ಬ ಹುಟ್ಟಲಿಲ್ಲ. ಒಬ್ಬನ ಮೇಲೆ ನಿಂತ ಕಟ್ಟಡ ಅವನೊಡನೆ ಕುಸಿಯುತ್ತದೆ. ದೋಷ ಅವನದಲ್ಲ, ಪಕ್ಕದಲ್ಲಿ ಇನ್ನೊಂದು ಕಂಬ ನಿಲ್ಲಿಸದ ನಮ್ಮೆಲ್ಲರದು. ಹೊರನಾಡಿನ ಕನ್ನಡ ಸಂಘಗಳನ್ನು ನಡೆಸುವವರಿಗೆ ಈ ಮಾತು ಬೇಗ ಅರ್ಥವಾದೀತು. ಒಬ್ಬ ಹಿರಿಯರು ಓಡಾಡುವಷ್ಟು ದಿನ ನಾಟಕ, ಗ್ರಂಥಾಲಯ, ಮಕ್ಕಳ ಕನ್ನಡ ತರಗತಿ ಎಲ್ಲವೂ ನಡೆಯುತ್ತವೆ. ಅವರು ಕಣ್ಣು ಮುಚ್ಚಿದ ಮೇಲೆ ಬೀಗದ ಕೈ ಯಾರಲ್ಲಿದೆಯೆಂದು ಹುಡುಕುವ ಹಾಗಾಗುತ್ತದೆ.

ರಹೀಂ ಅವರ ಮಗ ಹಕೀಂ ಅವರು ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾಗಿ, ತರಬೇತುದಾರರಾಗಿ ತಂದೆಯ ವಿದ್ಯೆಯನ್ನು ಮುಂದುವರಿಸಿದರು. ೨೦೨೧ರ ಆಗಸ್ಟಿನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ. ರಾಜ್ಯಗಳ ಗಡಿಯನ್ನು ೧೯೫೬ರಲ್ಲಿ ಬೇರೆ ಬರೆದರೂ ಹೈದರಾಬಾದಿಗೂ ಕಲಬುರಗಿಗೂ ನಡುವಣ ಹಾದಿ ಮುಚ್ಚಿಲ್ಲ.

ಈ ರಾಜ್ಯೋತ್ಸವದ ಸಂದರ್ಭದಲ್ಲಿ ನಾವು ನಮ್ಮ ಸಂಘದ ಬಂಧುಗಳಲ್ಲಿ ಮಾಡಿಕೊಳ್ಳುವ ವಿಜ್ಞಾಪನೆ ಇಷ್ಟೆ. ನಮ್ಮ ಬೀದಿಗಳಲ್ಲಿ ಸಂಜೆಯ ಹೊತ್ತು ಚೆಂಡನ್ನು ಒದೆಯುವ ಮಕ್ಕಳಿದ್ದಾರೆ. ಅವರಲ್ಲಿ ಕನ್ನಡದವರು, ತೆಲುಗಿನವರು, ಉರ್ದುವಿನವರು ಎಲ್ಲರೂ ಇದ್ದಾರೆ. ಕಿಟಕಿಯ ಗಾಜು ಒಡೆದಾಗ ಗದರಿಸುವುದು ಇದ್ದೇ ಇದೆ. ಒಂದು ದಿನವಾದರೂ ಹೊರಗೆ ಬಂದು, ಅವರಲ್ಲಿ ಯಾರ ಕಾಲಿನಲ್ಲಿ ಏನು ಚಳಕವಿದೆಯೆಂದು ನಿಂತು ನೋಡೋಣ. ಸೈಕಲ್ಲಿಗೆ ಕಾಸಿಲ್ಲದವನು ಒಬ್ಬನಿದ್ದರೆ ಅವನ ಹೆಸರನ್ನು ಕೇಳಿ ತಿಳಿದುಕೊಳ್ಳೋಣ.